ಕಾಶಿಯಲ್ಲಿ ರಾತ್ರಿಯ ಊಟ: ಎಲ್ಲಿ, ಯಾವ ಹೊತ್ತಿಗೆ?

ಕಾಶೀಕ್ಷೇತ್ರಕ್ಕೆ ಒಮ್ಮೆಯಾದರೂ ಹೋಗಿಬರಬೇಕೆಂಬುದು ಸದ್ಭಕ್ತರಲ್ಲಿ ಅನೇಕರ ಬಹುದಿನದ ಹಂಬಲ. ನಮ್ಮ ಪರಂಪರೆಗೆ ಆ ಊರಿನೊಡನೆ ಹಳೆಯ ನಂಟಿದೆ. ಪಂಚಪೀಠಗಳಲ್ಲೊಂದಾದ ಜ್ಞಾನಪೀಠವು ಅಲ್ಲಿಯ ಜಂಗಮವಾಡಿ ಮಠದಲ್ಲಿದೆ. ಮೊಗಲ ಬಾದಶಹರ ಕಾಲದ ಫರ್ಮಾನುಗಳು ಆ ಮಠದ ಪ್ರಾಚೀನತೆಗೆ ಸಾಕ್ಷಿಯಾಗಿವೆ. 2022ರ ನವೆಂಬರಿನಲ್ಲಿ ಬೆಂಗಳೂರಿನಿಂದ ‘ಭಾರತ್ ಗೌರವ್ ಕಾಶಿ ದರ್ಶನ’ ರೈಲು ಆರಂಭವಾದ ಮೇಲೆ ಕನ್ನಡಿಗರಿಗೆ ಈ ಯಾತ್ರೆ ಇನ್ನಷ್ಟು ಸುಲಭವಾಗಿದೆ. ಹೊರಡುವವರಲ್ಲಿ ಅರವತ್ತು ದಾಟಿದವರು, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡಕ್ಕೆ ದಿನವೂ ಮಾತ್ರೆ ನುಂಗುವವರು ಬಹಳ. ಇಂಥವರ ಯಾತ್ರೆ ಕೆಡುವುದು ಬಹುಮಟ್ಟಿಗೆ ಹೊಟ್ಟೆಯಿಂದ. ಹೊಟ್ಟೆ ಕೆಡುವುದು ಬಹುಮಟ್ಟಿಗೆ ಹೊತ್ತುಗೆಟ್ಟು ಸಿಕ್ಕಲ್ಲಿ ಉಂಡ ರಾತ್ರಿಯ ಊಟದಿಂದ. ಆದ್ದರಿಂದ ಕಾಶಿಯಲ್ಲಿ ರಾತ್ರಿ ಎಲ್ಲಿ ಉಣ್ಣಬೇಕೆಂಬುದನ್ನು ಹಗಲಿನಲ್ಲೇ ನಿರ್ಧರಿಸಿಕೊಳ್ಳುವುದು ಯಾತ್ರಿಕರು ತಮ್ಮ ಆರೋಗ್ಯಕ್ಕೆ ಮಾಡಿಕೊಳ್ಳಬಹುದಾದ ದೊಡ್ಡ ಉಪಕಾರ.

ಆರತಿಯ ನಂತರದ ಹಸಿವು

ದಶಾಶ್ವಮೇಧ ಘಾಟಿನ ಗಂಗಾರತಿ ಚಳಿಗಾಲದಲ್ಲಿ ಸಂಜೆ ಆರರ ಸುಮಾರಿಗೆ, ಬೇಸಿಗೆಯಲ್ಲಿ ಏಳರ ಸುಮಾರಿಗೆ ಆರಂಭವಾಗಿ ಮುಕ್ಕಾಲು ಗಂಟೆ ನಡೆಯುತ್ತದೆ. ಕುಳಿತುಕೊಳ್ಳಲು ಸ್ಥಳ ಸಿಗಲೆಂದು ಜನ ಒಂದೆರಡು ಗಂಟೆ ಮೊದಲೇ ಬಂದು ಸೇರುತ್ತಾರೆ. ಆರತಿ ಮುಗಿದೊಡನೆ ಸಾವಿರಾರು ಜನ ಒಮ್ಮೆಲೇ ಗೋದೌಲಿಯಾ ವೃತ್ತದ ಕಡೆಗೆ ಹೊರಡುತ್ತಾರೆ. ಆ ದಾರಿಯಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧವಿರುವುದರಿಂದ ಮೊಣಕಾಲು ನೋವಿನವರೂ ನಡೆದೇ ಸಾಗಬೇಕಾಗುತ್ತದೆ. ಮಧ್ಯಾಹ್ನದ ಊಟವಾಗಿ ಏಳೆಂಟು ಗಂಟೆ ಕಳೆದಿರುತ್ತದೆ. ಆಗ ಕಣ್ಣಿಗೆ ಮೊದಲು ಬೀಳುವುದು ಬೀದಿಬದಿಯ ಕರಿದ ತಿಂಡಿ ಮತ್ತು ಟಮಾಟರ್ ಚಾಟ್. ಹಸಿದವನಿಗೆ ಆಯ್ಕೆಯ ವಿವೇಕ ಉಳಿಯುವುದಿಲ್ಲ.

ಕೆಲವರು ವಸತಿಗೆ ಮರಳಿ, ಲಿಂಗಪೂಜೆ ಮುಗಿಸಿ, ಹತ್ತು ಗಂಟೆಗೆ ಊಟಕ್ಕೆ ಹುಡುಕಾಡುತ್ತಾರೆ. ಮರುದಿನ ನಸುಕಿನ ಮೂರು ಗಂಟೆಯ ಮಂಗಳಾರತಿಗೋ ಸೂರ್ಯೋದಯದ ದೋಣಿ ವಿಹಾರಕ್ಕೋ ಏಳಬೇಕು. ಉಂಡೊಡನೆ ಮಲಗಿದರೆ ಜಠರದ ಆಮ್ಲ ಅನ್ನನಾಳಕ್ಕೆ ಮೇಲೇರಿ ಎದೆಯುರಿ, ಹುಳಿತೇಗು ಕಾಡುತ್ತವೆ. ಊಟಕ್ಕೂ ನಿದ್ರೆಗೂ ನಡುವೆ ಎರಡು ಮೂರು ಗಂಟೆಯ ಅಂತರವಿರಬೇಕೆಂಬ ವೈದ್ಯರ ಮಾತು ಯಾತ್ರೆಯಲ್ಲೂ ಅನ್ವಯಿಸುತ್ತದೆ. ಇದಕ್ಕೆ ಸುಲಭದ ಉಪಾಯವಿದೆ: ಆರತಿಗೆ ಹೊರಡುವ ಮೊದಲು ನಾಲ್ಕೈದು ಗಂಟೆಯ ವೇಳೆಗೆ ಬಾಳೆಹಣ್ಣು, ಹುರಿಗಡಲೆಯಂಥ ಲಘು ಆಹಾರ ಸೇವಿಸಬೇಕು. ಸಾಧ್ಯವಿದ್ದವರು ಸಂಜೆಯ ಲಿಂಗಪೂಜೆಯನ್ನೂ ಆಗಲೇ ಪೂರೈಸಿಕೊಂಡರೆ ಆರತಿಯ ನಂತರ ನೇರವಾಗಿ ಊಟಕ್ಕೆ ಕುಳಿತುಕೊಳ್ಳಬಹುದು.

ಸ್ಥಳವನ್ನು ಆರಿಸುವ ಬಗೆ

ಮಠದಲ್ಲಿ ಅಥವಾ ಛತ್ರದಲ್ಲಿ ತಂಗಿದವರು ಪ್ರಸಾದದ ವ್ಯವಸ್ಥೆಯನ್ನೂ ವೇಳೆಯನ್ನೂ ಬೆಳಿಗ್ಗೆಯೇ ವಿಚಾರಿಸಿಕೊಳ್ಳಬೇಕು. ಎಷ್ಟು ಜನ, ಎಷ್ಟು ಹೊತ್ತಿಗೆ ಬರುವೆವೆಂದು ಅಡುಗೆಯವರಿಗೆ ತಿಳಿಸಿದರೆ ಅನ್ನ ಅಳತೆಯಾಗಿ ಬೇಯುತ್ತದೆ, ಬಿಸಿಯಾಗಿ ಬಡಿಸಲಾಗುತ್ತದೆ, ವ್ಯರ್ಥವಾಗುವುದಿಲ್ಲ. ದಾಸೋಹದ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಹಾಜರಿರುವುದೂ ಒಂದು ಸೇವೆಯೇ.

ಹೊರಗೆ ಉಣ್ಣಬೇಕಾದವರು ಹಗಲಿನ ಓಡಾಟದಲ್ಲಿ ಎರಡು ಸ್ಥಳಗಳನ್ನು ಗುರುತಿಸಿಟ್ಟುಕೊಳ್ಳಲಿ. ಒಂದು ತುಂಬಿದ್ದರೆ ಇನ್ನೊಂದು. ಮೊದಲು ನೋಡಬೇಕಾದುದು ವಸತಿಯಿಂದ ದೂರ. ಹತ್ತು ನಿಮಿಷದ ನಡಿಗೆಯೊಳಗೆ ಇರುವ ಸಾಧಾರಣ ಭೋಜನಾಲಯವು, ಜನಜಂಗುಳಿಯ ಆಚೆಗಿರುವ ಹೆಸರುವಾಸಿ ಹೋಟೆಲಿಗಿಂತ ವಯೋವೃದ್ಧರಿಗೆ ಹಿತಕರ. ಅಡುಗೆಮನೆ ಶುದ್ಧ ಸಸ್ಯಾಹಾರಿಯೇ, ಒಂದೇ ಪಾತ್ರೆಗಳಲ್ಲಿ ಬೇರೆ ಅಡುಗೆಯೂ ನಡೆಯುತ್ತದೆಯೇ ಎಂದು ಕೇಳಲು ಸಂಕೋಚಪಡಬೇಕಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಕಾಣುವಂತೆ ಹಾಕಿದೆಯೇ ಎಂಬುದನ್ನೂ ಗಮನಿಸಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಒಲೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆಯಲ್ಲಿ ಬೇಯಿಸಿದ ಆಹಾರದೊಳಗೆ ಸೂಕ್ಷ್ಮಜೀವಿಗಳು ವೇಗವಾಗಿ ವೃದ್ಧಿಸುತ್ತವೆ. ಎರಡು ಗಂಟೆಗಿಂತ ಹೆಚ್ಚು ಹೊತ್ತು ಹಾಗೆ ಬಿಟ್ಟ ಅಡುಗೆ ಸುರಕ್ಷಿತವಲ್ಲ. ಅನ್ನದಲ್ಲಿ ಸೇರಿರಬಹುದಾದ ಕೆಲವು ಸೂಕ್ಷ್ಮಜೀವಿಗಳ ಬೀಜಾಣುಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ತಣಿದ ಅನ್ನದಲ್ಲಿ ಅವು ಚಿಗುರಿ ವಿಷವನ್ನು ಹುಟ್ಟಿಸುತ್ತವೆ, ಆ ವಿಷ ಮತ್ತೆ ಕಾಯಿಸಿದರೂ ಹೋಗದು. ಆದ್ದರಿಂದ ಕಣ್ಣೆದುರು ಹಂಚಿನಿಂದಿಳಿದ ರೊಟ್ಟಿ, ಕುದಿಯುತ್ತಿರುವ ಬೇಳೆ, ಹಬೆಯಾಡುವ ಖಿಚಡಿ ಉತ್ತಮ. ಜನ ಬಂದು ಹೋಗುತ್ತಿರುವ ಭೋಜನಾಲಯದಲ್ಲಿ ಪಾತ್ರೆ ಬೇಗ ಬರಿದಾಗಿ ಹೊಸ ಅಡುಗೆ ಏರುತ್ತದೆ. ಹತ್ತು ಹದಿನೈದು ಬಗೆಯ ಪಲ್ಯಗಳನ್ನು ಸಂಜೆಯಿಂದ ತೆರೆದಿಟ್ಟ ವೈಭವಕ್ಕಿಂತ ಎರಡೇ ಬಗೆ ಬಿಸಿಯಾಗಿರುವ ಬಡತನ ಮೇಲು.

ಕಾಶಿಯ ರುಚಿ, ನಮ್ಮ ಜಠರ

ಆ ಸೀಮೆಯ ಅಡುಗೆಯಲ್ಲಿ ಸಾಸಿವೆ ಎಣ್ಣೆಯ ಬಳಕೆ ಹೆಚ್ಚು. ಜೋಳದ ರೊಟ್ಟಿ, ಮುದ್ದೆ, ಅನ್ನ ಸಾರುಗಳಿಗೆ ಒಗ್ಗಿದ ನಮ್ಮ ಜಠರಕ್ಕೆ ಅದು ಹೊಸದು. ಮೊದಲ ದಿನವೇ ಪೂರಿ, ಕಚೋರಿಗಳಿಂದ ಹೊಟ್ಟೆ ತುಂಬಿಸಿಕೊಳ್ಳದೆ, ಅವನ್ನು ಬೆಳಗಿನ ಉಪಾಹಾರಕ್ಕೆ ಮೀಸಲಿಟ್ಟು ರುಚಿ ನೋಡುವುದು ಲೇಸು.

ರಾತ್ರಿಗೆ ಒಗ್ಗುವ ಅಲ್ಲಿಯದೇ ಊಟವೆಂದರೆ ಲಿಟ್ಟಿ–ಚೋಖಾ. ಗೋಧಿ ಹಿಟ್ಟಿನ ಉಂಡೆಯೊಳಗೆ ಹುರಿದ ಕಡಲೆಯ ಹಿಟ್ಟನ್ನು ತುಂಬಿ ಕೆಂಡದಲ್ಲಿ ಸುಟ್ಟರೆ ಲಿಟ್ಟಿ; ಸುಟ್ಟ ಬದನೆ, ಟೊಮೆಟೊ, ಆಲೂಗಡ್ಡೆಗಳನ್ನು ಹಿಸುಕಿದರೆ ಚೋಖಾ. ಉತ್ತರ ಕರ್ನಾಟಕದವರಿಗೆ ಸುಟ್ಟ ಬದನೆಕಾಯಿಯ ಬಜ್ಜಿ ನೆನಪಾದೀತು. ಹೃದ್ರೋಗಿಗಳು ಲಿಟ್ಟಿಯನ್ನು ತುಪ್ಪದಲ್ಲಿ ಅದ್ದದೆ ಕೊಡುವಂತೆ ಕೇಳಬೇಕು. ಹನುಮಾನ್ ಘಾಟ್, ಕೇದಾರ ಘಾಟ್‌ಗಳ ಸುತ್ತ ದಕ್ಷಿಣ ಭಾರತೀಯರ ಹಳೆಯ ನೆಲೆಗಳಿರುವುದರಿಂದ ಆ ಭಾಗದಲ್ಲಿ ಇಡ್ಲಿ, ದೋಸೆಗಳೂ ದೊರೆಯುತ್ತವೆ.

ಠಂಡಾಯಿ ಕುಡಿಯುವವರು ಅದರಲ್ಲಿ ಭಂಗಿ ಬೆರೆಸಿದೆಯೇ ಎಂದು ಸ್ಪಷ್ಟವಾಗಿ ಕೇಳಿಯೇ ಮುಟ್ಟಬೇಕು. ಕಾಶಿಯಲ್ಲಿ ಭಂಗಿಯ ಮಾರಾಟಕ್ಕೆ ಸರಕಾರದ ಪರವಾನಗಿಯೇ ಇದೆ. ವಯಸ್ಸಾದವರಲ್ಲಿ ಅದು ಎದೆಬಡಿತ, ದಿಗ್ಭ್ರಮೆ, ತಲೆಸುತ್ತುಗಳನ್ನು ಉಂಟುಮಾಡಬಲ್ಲದು. ಬನಾರಸಿ ಪಾನ್ ಬಯಸುವವರು ತಂಬಾಕು ಬೇಡವೆಂದು ಮೊದಲೇ ಹೇಳಲಿ. ಹೆಚ್ಚಿಟ್ಟ ಹಸಿ ತರಕಾರಿ, ಬರ್ಫ ಬೆರೆಸಿದ ಪಾನೀಯ, ಮೇಜಿನ ಮೇಲಿಟ್ಟ ತಂಬಿಗೆಯ ನೀರು ಇವುಗಳಿಂದ ದೂರವಿರುವುದು ಒಳಿತು. ಕಾಯಿಸಿ ಆರಿಸಿದ ನೀರು ಅಥವಾ ಮುದ್ರೆ ಒಡೆಯದ ಬಾಟಲಿಯ ನೀರು ಸಾಕು.

ಮಾತ್ರೆ ನುಂಗುವವರಿಗೆ ಎಚ್ಚರಿಕೆ

ಸಕ್ಕರೆ ಕಾಯಿಲೆಯವರಿಗೆ ತಡವಾದ ಊಟವು ಕೆಟ್ಟ ಊಟದಷ್ಟೇ ಅಪಾಯಕಾರಿ. ಊಟಕ್ಕೆ ಮುಂಚಿನ ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳನ್ನು ವಸತಿಯಲ್ಲೇ ತೆಗೆದುಕೊಂಡು, ಬಳಿಕ ಜನಜಂಗುಳಿಯಲ್ಲಿ ಸಿಲುಕಿದರೆ ರಕ್ತದ ಸಕ್ಕರೆ ಹಠಾತ್ತಾಗಿ ಕುಸಿಯಬಹುದು. ಬೆವರು, ಕೈನಡುಕ, ಮಂಕು, ತಡವರಿಸುವ ಮಾತು ಇದರ ಲಕ್ಷಣಗಳು. ಜೊತೆಯವರು ಇದನ್ನು ಬರಿಯ ದಣಿವೆಂದು ಭಾವಿಸಬಾರದು. ಎಚ್ಚರವಿದ್ದವರಿಗೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಯಾತ್ರೆಯ ದಿನಗಳಲ್ಲಿ ಔಷಧಿಯ ವೇಳೆ ಹೇಗಿರಬೇಕೆಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳುವುದು ಅವಶ್ಯ.

ಭೇದಿ ಆರಂಭವಾದರೆ ಒ.ಆರ್.ಎಸ್. ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿನಲ್ಲಿ ಪೂರ್ತಿ ಕರಗಿಸಿ ಗುಟುಕು ಗುಟುಕಾಗಿ ಕುಡಿಯಬೇಕು. ಮಲದಲ್ಲಿ ರಕ್ತ, ತೀವ್ರ ಜ್ವರ, ಕುಡಿದ ನೀರೂ ನಿಲ್ಲದ ವಾಂತಿ, ಮೂತ್ರ ಕಡಿಮೆಯಾಗುವಿಕೆ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರ ದೇಹ ಬೇಗನೆ ಒಣಗುತ್ತದೆ. ಅವರು ಇನ್ನೂ ಜಾಗರೂಕರಾಗಿರಬೇಕು.

ಬುತ್ತಿಯ ಆಸರೆ

ಎಷ್ಟೇ ಯೋಜಿಸಿದರೂ ಒಂದು ರಾತ್ರಿ ಎಲ್ಲವೂ ತಡವಾಗಬಹುದು. ಆಗ ಕೈಹಿಡಿಯುವುದು ಊರಿಂದ ಕಟ್ಟಿಕೊಂಡು ಹೋದ ಬುತ್ತಿ. ಖಡಕ್ ರೊಟ್ಟಿಯಲ್ಲಿ ನೀರಿನಂಶ ಇಲ್ಲದಷ್ಟು ಕಡಿಮೆ. ನೀರಿಲ್ಲದೆ ಸೂಕ್ಷ್ಮಜೀವಿಗಳು ಬೆಳೆಯಲಾರವು. ಆದ್ದರಿಂದ ಅದು ವಾರಗಟ್ಟಲೆ ಕೆಡದೆ ಉಳಿಯುತ್ತದೆ. ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಲೋಟ ಬಿಸಿಹಾಲು ಇದ್ದರೆ ರಾತ್ರಿ ಹನ್ನೊಂದಕ್ಕೆ ಅಪರಿಚಿತ ಓಣಿಗಳಲ್ಲಿ ಅಲೆಯುವ ಅಗತ್ಯವಿಲ್ಲ.

ಕಾಯವನ್ನು ದಂಡಿಸಿ ಪುಣ್ಯ ಗಳಿಸುವ ಮಾರ್ಗವನ್ನು ಶರಣರು ಒಪ್ಪಲಿಲ್ಲ. ಲಿಂಗಕ್ಕೆ ಅರ್ಪಿತವಾಗಿ ಪ್ರಸಾದವೆನಿಸುವ ಅನ್ನವು ಶುಚಿಯಾಗಿರಬೇಕು, ಹಿತವಾಗಿರಬೇಕು, ಮಿತವಾಗಿರಬೇಕು. ಯಾತ್ರೆಗೆ ಹೊರಡುವ ಮನೆಯವರು ರೈಲಿನ ಟಿಕೆಟಿನೊಡನೆ ಹಿರಿಯರ ಊಟದ ವೇಳೆ, ಔಷಧಿಯ ವೇಳೆಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ. ಜೊತೆಯಲ್ಲಿ ಹೋಗುವ ಕಿರಿಯರಲ್ಲೊಬ್ಬರು ಆರತಿಯ ಹೊತ್ತಿಗೆ ಆ ಹಾಳೆಯನ್ನು ಕಿಸೆಯಲ್ಲಿಟ್ಟುಕೊಂಡು, ರಾತ್ರಿಯ ಊಟದ ಹೊಣೆಯನ್ನು ತಾವೇ ಹೊರಲಿ.