ತಗಡಿನ ಸದ್ದು ನುಂಗುವ ಅಂಟು

ಹಾನಗಲ್ ಸೀಮೆಯಲ್ಲಿ ಆಷಾಢದ ಮಳೆ ಹಿಡಿದುಕೊಂಡರೆ ಬೇಗ ಬಿಡುವುದಿಲ್ಲ. ಅಂಥದೊಂದು ಮಧ್ಯಾಹ್ನ ಹಳ್ಳಿಯ ಶಾಲೆಯೊಂದರಲ್ಲಿ ಕೂತಿದ್ದೆ. ಕೋಣೆಯ ಮೇಲೆ ತಗಡಿನ ಚಾವಣಿ. ಹನಿ ದಪ್ಪವಾದದ್ದೇ ತಡ, ಪಾಠ ಮಾಡುತ್ತಿದ್ದ ಮಾಸ್ತರರ ತುಟಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅವರು ಬೋರ್ಡಿನ ಮೇಲೆ ಎರಡು ಲೆಕ್ಕ ಬರೆದು, ಬಿಡಿಸಿರೆಂದು ಮಕ್ಕಳಿಗೆ ಕೈಸನ್ನೆ ಮಾಡಿ, ನನ್ನ ಕಿವಿಯ ಹತ್ತಿರ ಬಾಗಿ ಹೇಳಿದರು: “ತಗಡಂದ್ರ ಹಿಂಗ ರೀ ಸರ. ಬಡಕೊಳ್ಳೂದು ಅದರ ಗುಣ.”

ಇದೇ ಮಾತನ್ನು ಹಿರೇಕೆರೂರಿನ ಕಡೆ ಗೋವಿನಜೋಳದ ರಾಶಿ ಮಷೀನಿನ ಬಳಿ ಕೇಳಿದ್ದೇನೆ, ಸವಣೂರಿನ ಹಿಟ್ಟಿನ ಗಿರಣಿಯಲ್ಲಿ ಕೇಳಿದ್ದೇನೆ, ಶಿಗ್ಗಾಂವಿಯಿಂದ ಹುಬ್ಬಳ್ಳಿಗೆ ಹೋಗುವ ಬಸ್ಸಿನಲ್ಲೂ ಕೇಳಿದ್ದೇನೆ. ಮಾತು ಅರ್ಧ ನಿಜ. ಸದ್ದು ಮಾಡುವುದು ತಗಡಿನ ಗುಣ, ಹೌದು. ಅದಕ್ಕೆ ಮದ್ದೇ ಇಲ್ಲ ಎಂದುಕೊಂಡಿರುವುದು ತಪ್ಪು. ಮದ್ದು ಇದೆ: ಎರಡು ತೆಳು ತಗಡುಗಳ ನಡುವೆ ತಲೆಗೂದಲಿಗಿಂತ ತೆಳ್ಳಗೆ ಹಚ್ಚಿದ ಅಂಟಿನ ಒಂದು ಪದರ.

ಅದು ಹೇಗೆ ಕೆಲಸ ಮಾಡುತ್ತದೆಂದು ಅಡಿಗೆಮನೆಯಲ್ಲೇ ನೋಡಬಹುದು. ಒಂದೇ ಅಳತೆಯ ಎರಡು ಸ್ಟೀಲಿನ ತಾಟು ತೆಗೆದುಕೊಳ್ಳಿ. ಒಂದನ್ನು ಅಂಚಿನಲ್ಲಿ ಎರಡೇ ಬೆರಳಿನಿಂದ ಹಿಡಿದು ಚಮಚದಿಂದ ಬಡಿಯಿರಿ. ಟಣ್ ಎಂದು ಎದ್ದ ಸದ್ದು ಒಂದಷ್ಟು ಹೊತ್ತು ಎಳೆಯುತ್ತದೆ. ಈಗ ಹೋಳಿಗೆಗೆಂದು ನಾದಿದ ಕಣಕವನ್ನು ಅದರ ಮೇಲೆ ತೆಳ್ಳಗೆ ಸವರಿ, ಎರಡನೆಯ ತಾಟನ್ನು ಅದರೊಳಗೆ ಕೂರಿಸಿ ಗಟ್ಟಿಯಾಗಿ ಒತ್ತಿ. ಮತ್ತೆ ಬಡಿಯಿರಿ. ಟಪ್ ಎಂದು ಅಲ್ಲೇ ಸತ್ತುಹೋಗುತ್ತದೆ. ಲೋಹ ಎರಡು ಪಟ್ಟಾಗಿದೆ, ಸದ್ದು ಮಾತ್ರ ಉಳಿದಿಲ್ಲ. ಕಣಕ ತೆಗೆದು ಬರೀ ಎರಡು ತಾಟನ್ನು ಒಂದರೊಳಗೊಂದು ಇಟ್ಟು ಬಡಿದರೆ ಸದ್ದು ಮತ್ತೆ ಏಳುತ್ತದೆ. ಹಾಗಾದರೆ ಸದ್ದನ್ನು ತಿಂದದ್ದು ಆ ಕಣಕವೇ.

ಕಣಕಕ್ಕೆ ಎರಡು ಸ್ವಭಾವಗಳಿವೆ. ಎಳೆದರೆ ರಬ್ಬರಿನಂತೆ ಸ್ವಲ್ಪ ಹಿಂದಕ್ಕೆ ಬರುತ್ತದೆ; ಆದರೆ ಪೂರ್ತಿ ಬರುವುದಿಲ್ಲ, ಜೇನಿನಂತೆ ಹರಿದು ನಿಲ್ಲುತ್ತದೆ. ಸ್ಪ್ರಿಂಗಿಗೆ ಕೊಟ್ಟ ಶಕ್ತಿ ಹೆಚ್ಚುಕಡಿಮೆ ಪೂರ್ತಿ ವಾಪಸು ಬರುತ್ತದೆ, ಅದಕ್ಕೇ ಅದು ಕುಣಿಯುತ್ತಲೇ ಇರುತ್ತದೆ. ಕಣಕಕ್ಕೆ ಕೊಟ್ಟದ್ದರಲ್ಲಿ ಒಂದು ಪಾಲು ಒಳಗೇ ತಿಕ್ಕಾಟವಾಗಿ ಬಿಸಿಯಾಗಿ ಕಳೆದುಹೋಗುತ್ತದೆ. ಕೈಗೆ ಗೊತ್ತಾಗದಷ್ಟು ಅಲ್ಪ ಬಿಸಿ ಅದು. ಸದ್ದಿನಲ್ಲಿರುವ ಶಕ್ತಿಯೂ ಅಷ್ಟೇ ಅಲ್ಪ. ಕಾರ್ಖಾನೆಯಲ್ಲಿ ಕಣಕದ ಜಾಗಕ್ಕೆ ಅಕ್ರಿಲಿಕ್, ಪಾಲಿಯೆಸ್ಟರ್, ಬ್ಯೂಟೈಲ್ ರಬ್ಬರಿನಂಥ ರೆಸಿನ್ ಬರುತ್ತದೆ.

ನಡುವಿನ ಪದರವೇ ಏಕೆ, ಮೇಲೆ ಬಳಿದರೆ ಸಾಲದೇ? ಸವಣೂರಿನ ವೀಳ್ಯದೆಲೆಯ ಕಟ್ಟೊಂದನ್ನು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ. ಎಲೆಗಳು ಒಂದರ ಮೇಲೊಂದು ಜಾರುತ್ತವೆ, ಅಂಚು ಓರೆಯಾಗುತ್ತದೆ. ಎರಡು ತಗಡನ್ನು ಒಟ್ಟಿಗೆ ಬಗ್ಗಿಸಿದಾಗಲೂ ಅವು ಹೀಗೇ ಜಾರಲು ನೋಡುತ್ತವೆ. ತಗಡು ಸದ್ದು ಮಾಡುವುದೆಂದರೆ ಸೆಕೆಂಡಿಗೆ ನೂರಾರು ಸಲ ಆ ಕಡೆ ಈ ಕಡೆ ಬಗ್ಗುವುದು. ಪ್ರತಿ ಸಲ ಬಗ್ಗಿದಾಗಲೂ ನಡುವಿನ ಅಂಟು ಎರಡು ತಗಡಿನ ನಡುವೆ ಸಿಕ್ಕಿ ಅತ್ತಿತ್ತ ಉಜ್ಜಿಸಿಕೊಳ್ಳುತ್ತದೆ. ಮೇಲೆ ಬಳಿದ ಪದರವಾದರೋ ತಗಡಿನ ಜೊತೆ ಸ್ವಲ್ಪ ಹಿಗ್ಗಿ ಕುಗ್ಗುವುದಷ್ಟೆ. ಕಾರಿನ ನೆಲಕ್ಕೆ ಅಂಟಿಸುವ ಡಾಂಬರಿನ ಹಾಳೆ ಇಂಥದು. ಅದೂ ಕೆಲಸ ಮಾಡುತ್ತದೆ, ಆದರೆ ದಪ್ಪ ಬೇಕು, ತೂಕ ಏರುತ್ತದೆ. ಬಳಿದ ಪದರದ ಲೆಕ್ಕವನ್ನು ಜರ್ಮನಿಯ ಓಬರ್ಸ್ಟ್ 1952ರಲ್ಲಿ ಬಿಡಿಸಿದರು; ಎರಡರ ನಡುವೆ ಸಿಕ್ಕಿದ ಪದರದ ಲೆಕ್ಕವನ್ನು ಅಮೆರಿಕದ ಎಡ್ವರ್ಡ್ ಕೆರ್ವಿನ್ 1959ರಲ್ಲಿ ಪ್ರಕಟಿಸಿದರು. ಇಂದಿಗೂ ಎಂಜಿನಿಯರರು ಶುರು ಮಾಡುವುದು ಅಲ್ಲಿಂದಲೇ.

ಎಷ್ಟು ವ್ಯತ್ಯಾಸ ಎಂಬುದಕ್ಕೆ ‘ಲಾಸ್ ಫ್ಯಾಕ್ಟರ್’ ಎಂಬ, ನಡುಕ ಎಷ್ಟು ಬೇಗ ಸಾಯುತ್ತದೆಂದು ಹೇಳುವ ಒಂದು ಅಂಕಿ ಇದೆ. ಬರೀ ಉಕ್ಕಿನ ತಗಡಿಗೆ ಅದು ಹೆಚ್ಚೆಂದರೆ 0.001ರ ಆಸುಪಾಸು. ಒಳ್ಳೆಯ ಪದರದ ತಗಡಿಗೆ, ಅದರ ಹದದ ಬಿಸಿಯಲ್ಲಿ, 0.1 ಅಥವಾ ಅದಕ್ಕೂ ಮೇಲೆ. ಸೆಕೆಂಡಿಗೆ 200 ಸಲ ನಡುಗುವ ತಗಡೊಂದನ್ನು ಲೆಕ್ಕಕ್ಕೆ ಹಿಡಿಯೋಣ. ಬರೀ ಉಕ್ಕಾದರೆ ನಡುಕ ಹತ್ತನೆಯ ಒಂದು ಪಾಲಿಗೆ ಇಳಿಯುವಷ್ಟರಲ್ಲಿ ಸುಮಾರು 730 ಸಲ ಅಲುಗಾಡಿರುತ್ತದೆ, ಮೂರೂವರೆ ಸೆಕೆಂಡಿಗೂ ಹೆಚ್ಚು ಹೊತ್ತು. ಪದರದ ತಗಡು ಏಳೆಂಟು ಸಲ ಅಲುಗಿ ಸುಮ್ಮನಾಗುತ್ತದೆ. ಬೋಲ್ಟು, ರಿವೆಟ್ಟು, ಬೆಸುಗೆ ಇರುವ ನಿಜವಾದ ಬಾಡಿಯಲ್ಲಿ ಬರೀ ತಗಡೂ ಇಷ್ಟು ಹೊತ್ತು ಗುಂಯ್‌ಗುಡುವುದಿಲ್ಲ, ಕೀಲುಗಳಲ್ಲೇ ಒಂದಷ್ಟು ಕಳೆದುಹೋಗುತ್ತದೆ. ಆದರೂ ಅಂತರ ದೊಡ್ಡದೇ.

ಕಾರ್ಖಾನೆಯಲ್ಲಿ ಇದನ್ನು ಮಾಡುವ ಬಗೆ ಸರಳ. ಉಕ್ಕಿನ ಎರಡು ಸುರುಳಿಗಳನ್ನು ಬಿಚ್ಚುತ್ತ ಬಂದು, ತೊಳೆದು, ಒಂದಕ್ಕೆ ರೋಲರಿನಿಂದ ರೆಸಿನ್ ಹಚ್ಚಿ, ಕಾಯಿಸಿ, ಇನ್ನೊಂದನ್ನು ಅದರ ಮೇಲೆ ಒತ್ತಿ, ಆರಿಸಿ, ಮತ್ತೆ ಸುತ್ತುತ್ತಾರೆ. ಹೊರಗಿನ ತಗಡುಗಳು ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಚೀಚೆ, ನಡುವಿನ ಪದರ 25ರಿಂದ 50 ಮೈಕ್ರಾನ್. 1980ರ ದಶಕದಲ್ಲಿ ಜಪಾನಿನ ಉಕ್ಕಿನ ಕಂಪನಿಗಳು ಕಾರಿನ ಎಂಜಿನ್ನಿನ ಆಯಿಲ್ ಪ್ಯಾನ್‌ಗೆಂದು ಇದನ್ನು ಹದಗೊಳಿಸಿದವು. ಜರ್ಮನಿಯ ಥಿಸೆನ್‌ಕ್ರುಪ್ಪ್ ಕಂಪನಿಯ ‘ಬೊಂಡಾಲ್’, ಅಮೆರಿಕದ ‘ಕ್ವಯೆಟ್ ಸ್ಟೀಲ್’ ಇದೇ ಜಾತಿಯವು. ನಮ್ಮೂರಲ್ಲಿ ಇದರ ನೆಂಟನನ್ನು ನೋಡಬೇಕೆಂದರೆ ಕಾರು ರಿಪೇರಿಯ ಗ್ಯಾರೇಜಿಗೆ ಹೋಗಿ ಡಿಸ್ಕ್ ಬ್ರೇಕಿನ ಪ್ಯಾಡಿನ ಬೆನ್ನಿಗಿರುವ ಶಿಮ್ ತೋರಿಸಿರೆಂದು ಕೇಳಿ. ರಬ್ಬರಿನ ಪದರವಿರುವ ಆ ತೆಳು ತಗಡನ್ನು ಬೇಡವೆಂದು ಬಿಸಾಡಿದ ಗಾಡಿ ಬ್ರೇಕು ಹಿಡಿದಾಗ ಕಿರುಚುವುದುಂಟು. ಬಹಳ ಜನ ಅದನ್ನು ಪ್ಯಾಡಿನ ದೋಷವೆಂದುಕೊಳ್ಳುತ್ತಾರೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ, ಎಲ್ಲರೂ ಮರೆಯುವ ಸಂಗತಿ: ಹದ. ಬೆಲ್ಲದ ಪಾಕ ಮಾಡಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಕುದಿಯುವಾಗ ಅದು ನೀರಿನಂತೆ ಹರಿಯುತ್ತದೆ. ಗಟ್ಟಿ ಪಾಕ ಪೂರ್ತಿ ಆರಿತೆಂದರೆ ಚಿಕ್ಕಿಯಂತೆ ಲಟಕ್ಕನೆ ಮುರಿಯುತ್ತದೆ. ನಡುವೆ ಒಂದಷ್ಟು ಹೊತ್ತು ಮಾತ್ರ ಎಳೆ ಎಳೆಯಾಗಿ ಜಿಗುಟುತ್ತದೆ. ರೆಸಿನ್ ಸದ್ದು ನುಂಗುವುದು ಆ ಜಿಗುಟಿನ ಹದದಲ್ಲಿ ಮಾತ್ರ. ತೀರ ತಣ್ಣಗಾದರೆ ಗಾಜಿನಂತಾಗಿ ಎರಡು ತಗಡನ್ನು ಒಂದೇ ತಗಡಾಗಿ ಮಾಡಿಬಿಡುತ್ತದೆ, ತಗಡು ಮತ್ತೆ ಟಣ್ ಎನ್ನುತ್ತದೆ. ತೀರ ಬಿಸಿಯಾದರೆ ತಗಡುಗಳು ಸಲೀಸಾಗಿ ಜಾರುತ್ತವೆ, ತಿಕ್ಕಾಟವೇ ಇರುವುದಿಲ್ಲ. ನಡುಕ ಚುರುಕಾದಷ್ಟೂ ರೆಸಿನ್ ತಣ್ಣಗಾದಂತೆ ವರ್ತಿಸುತ್ತದೆ, ಆದ್ದರಿಂದ ಎಷ್ಟು ವೇಗದ ನಡುಕ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಈಗ ಆ ಶಾಲೆಯ ಚಾವಣಿಗೆ ಬನ್ನಿ. ಏಪ್ರಿಲಿನ ಬಿಸಿಲಿಗೆ ಅದರ ತಗಡು 60 ಡಿಗ್ರಿ ದಾಟಬಲ್ಲದು. ಆದರೆ ಮಳೆಯ ಸದ್ದು ಬರುವುದು ಜುಲೈನಲ್ಲಿ, ಅಂಥ ದಿನ ತಗಡು ತೊಯ್ದು 20–25 ಡಿಗ್ರಿಗೆ ಇಳಿದಿರುತ್ತದೆ. ಅದಕ್ಕೆ ಬೇಕಾದದ್ದು ಮಳೆಯ ತಂಪಿನಲ್ಲಿ ಜಿಗುಟುವ, ಬೇಸಿಗೆಯ ಬಿಸಿಯಲ್ಲಿ ಬಿಟ್ಟುಕೊಳ್ಳದ ರೆಸಿನ್. ಟ್ರ್ಯಾಕ್ಟರಿನ ಬಾನೆಟ್ಟಿನ ಕಥೆ ಉಲ್ಟಾ. ಅದು ಸದ್ದು ಮಾಡುವುದು ಎಂಜಿನ್ ಕಾದಾಗ. ಆಯಿಲ್ ಪ್ಯಾನ್‌ಗೆಂದು 80–100 ಡಿಗ್ರಿಗೆ ಹದ ಮಾಡಿದ ತಗಡನ್ನು ಚಾವಣಿಗೆ ಹೊದಿಸಿದರೆ ದುಡ್ಡು ದಂಡ, ಸದ್ದು ಹಾಗೇ. ಚಾವಣಿಯದನ್ನು ಎಂಜಿನ್ನಿನ ಬುಡಕ್ಕೆ ಹಾಕಿದರೂ ಅಷ್ಟೇ. ಮಾರುವವರು “ಸೌಂಡ್ ಪ್ರೂಫ್” ಎಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ಕೊಳ್ಳುವವರು ಕೇಳಬೇಕಾದ ಪ್ರಶ್ನೆ ಒಂದೇ: ಎಷ್ಟು ಡಿಗ್ರಿಯಲ್ಲಿ?

ಹಳೆಯ ಮನೆಗಳ ಮಂಗಳೂರು ಹೆಂಚು ಮಳೆಯಲ್ಲಿ ಯಾಕೆ ಇಷ್ಟು ಕಿರುಚುವುದಿಲ್ಲ ಎಂದು ಅನೇಕರು ಕೇಳುತ್ತಾರೆ. ಅರ್ಧ ಮಿಲಿಮೀಟರಿನ ತಗಡು ಒಂದು ಚದರ ಮೀಟರಿಗೆ ಸುಮಾರು 4 ಕಿಲೊ ತೂಗಿದರೆ ಹೆಂಚಿನ ಮಾಡು ಅದರ ಎಷ್ಟೋ ಪಟ್ಟು ಭಾರ. ಮೇಲಾಗಿ ಅದು ಒಂದೇ ಹಾಳೆಯಲ್ಲ, ಬಿಡಿಬಿಡಿ ತುಂಡು. ಒಂದರ ಮೇಲೊಂದು ಕೂತು ಅಂಚಿನಲ್ಲೇ ತಿಕ್ಕಿಕೊಂಡು ನಡುಕವನ್ನು ಅಲ್ಲಲ್ಲೇ ಮುಗಿಸುತ್ತವೆ. ನಮ್ಮ ಹಿರಿಯರ ಮಾಡಿನಲ್ಲಿ ಈ ಗುಣ ತಾನಾಗಿಯೇ ಇತ್ತು. ತಗಡಿಗೆ ಅದನ್ನು ನಾವು ಕೂಡಿಸಬೇಕು.

ಒಳಗೆ ಥರ್ಮೋಕೋಲ್ ಅಂಟಿಸಿದರೆ ಆಗದೇ ಎಂದರೆ, ಅದು ತಡೆಯುವುದು ಬಿಸಿಲನ್ನು. ನಡುಕವನ್ನು ಹಿಡಿಯುವ ಜಿಗುಟು ಅದರಲ್ಲಿಲ್ಲ. ಫಳಫಳ ಹೊಳೆಯುವ ಗುಳ್ಳೆ ಹಾಳೆಯದೂ ಅದೇ ಹಣೆಬರಹ. ಎರಡು ತಗಡಿನ ನಡುವೆ ದಪ್ಪ ಫೋಮ್ ಇರುವ ಪಫ್ ಪ್ಯಾನೆಲ್ಲನ್ನು ನೋಡಿ ಇದೇ ಅದು ಎಂದುಕೊಳ್ಳುವವರೂ ಇದ್ದಾರೆ. ಅದನ್ನು ಮಾಡಿರುವುದು ತಂಪಿಗೆ ಮತ್ತು ಗಟ್ಟಿತನಕ್ಕೆ.

ಸುರುಳಿಯಲ್ಲಿ ಬರುವ ಪದರದ ತಗಡು ನಮ್ಮ ತಾಲ್ಲೂಕಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಆದರೆ ಅದೇ ತತ್ವದ ಅಂಟಿಸುವ ಹಾಳೆ, ಒಂದು ಬದಿ ಬ್ಯೂಟೈಲ್ ಅಂಟು, ಇನ್ನೊಂದು ಬದಿ ಅಲ್ಯೂಮಿನಿಯಂ, ಕಾರಿನ ಸ್ಟೀರಿಯೋ ಕೂರಿಸುವವರ ಬಳಿ ಸಿಗುತ್ತದೆ. ಇರುವ ತಗಡು ಒಂದು ಪದರ, ಅಲ್ಯೂಮಿನಿಯಂ ಇನ್ನೊಂದು, ನಡುವೆ ಅಂಟು. ಅಲ್ಯೂಮಿನಿಯಂ ಗಟ್ಟಿಯಾಗಿರಬೇಕು, ಸಿಗರೇಟು ಪ್ಯಾಕಿನ ಬೇಗಡೆಯಷ್ಟು ತೆಳ್ಳಗಿದ್ದರೆ ಅಂಟಿನ ಜೊತೆ ತಾನೂ ಹಿಗ್ಗಿಬಿಡುತ್ತದೆ, ಅಂಟನ್ನು ಉಜ್ಜುವ ಶಕ್ತಿ ಅದಕ್ಕಿರುವುದಿಲ್ಲ. ತಗಡಿನ ತುಕ್ಕು ಕೆರೆದು, ಥಿನ್ನರಿನಿಂದ ಒರೆಸಿ, ಅಂಟಿಸಿದ ಮೇಲೆ ರೋಲರಿನಿಂದ ಒತ್ತಿ ಒತ್ತಿ ಗಾಳಿ ಹೊರಹಾಕಬೇಕು. ಪೂರ್ತಿ ಮುಚ್ಚುವುದು ಬೇಕಿಲ್ಲ. ಅಂಚಿನಲ್ಲಿ ಬಿಗಿದ ಚಪ್ಪಟೆ ತಗಡು ಹೆಚ್ಚಾಗಿ ಕುಣಿಯುವುದು ನಡುವೆ. ಅಲ್ಲಿ ತಗಡಿನ ಮೂರನೆಯ ಒಂದು ಪಾಲಿನಿಂದ ಅರ್ಧ ಪಾಲಿನಷ್ಟು ಮುಚ್ಚಿದರೆ ಲಾಭದ ಬಹುಪಾಲು ಬಂದಂತೆ.

ರಾಶಿ ಮಷೀನಿನ ಕಾಳು ಜಾರಿ ಬೀಳುವ ತಗಡಿಗೆ, ಗಿರಣಿಯ ತಗಡಿನ ಹಾಪರಿಗೆ ಇದನ್ನು ಹೊರಬದಿಯಿಂದ ಹಾಕಬೇಕು. ಒಳಗೆ ಹಾಕಿದರೆ ಕಾಳು ಅದನ್ನು ಉಜ್ಜಿ ಕಿತ್ತುಹಾಕುತ್ತದೆ. ಕಾರ್ಖಾನೆಯ ನಿಯಮ ದಿನಕ್ಕೆ 8 ತಾಸಿನ ದುಡಿಮೆಗೆ 90 ಡೆಸಿಬೆಲ್ ಮಿತಿ ಇಟ್ಟಿದೆ. ಹೊಲದಲ್ಲಿ ಸುಗ್ಗಿಯುದ್ದಕ್ಕೂ ಮಷೀನಿನ ಬಾಯಲ್ಲಿ ನಿಂತು ತೆನೆ ಸುರಿಯುವವರ ಕಿವಿಯನ್ನು ಅಳೆಯಲು ಯಾರೂ ಬರುವುದಿಲ್ಲ. ಹೋದ ಕಿವಿ ಮರಳಿ ಬರುವುದೂ ಇಲ್ಲ. ಅದಕ್ಕೇ ಈ ಸಣ್ಣ ಕೆಲಸವನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ. ಡ್ರಮ್ಮಿನ ಬಡಿತವೂ ಎಂಜಿನ್ನಿನ ಹೊಗೆಕೊಳವೆಯ ಸದ್ದೂ ಇದರಿಂದ ಹೋಗುವುದಿಲ್ಲ. ಅಲ್ಲಿ ನಿಲ್ಲುವವರು ಕಿವಿಗೆ ಮುಚ್ಚಳ ಹಾಕಲೇಬೇಕು.

ಕಾರ್ಖಾನೆಯ ಪದರದ ತಗಡೇ ಕೈಗೆ ಬಂದರೆ, ವೆಲ್ಡಿಂಗ್ ಮಾಡುವವರಿಗೆ ಒಂದು ಮಾತು. ರೆಸಿನ್ನಿನಲ್ಲಿ ಕರೆಂಟು ಹರಿಯುವುದಿಲ್ಲ. ಸ್ಪಾಟ್ ವೆಲ್ಡಿಂಗಿಗೆ ಒಗ್ಗಲೆಂದು ಕಂಪನಿಗಳು ನಿಕ್ಕಲ್ಲಿನಂಥ ಲೋಹದ ಪುಡಿಯನ್ನು ಪದರದಲ್ಲಿ ಬೆರೆಸುತ್ತವೆ. ಆದರೆ ಪದರದ ತಗಡಿಗೆ ಆರ್ಕ್ ಹಿಡಿದರೆ ರೆಸಿನ್ ಸುಟ್ಟು ಹೊಗೆ ಬರುತ್ತದೆ, ಬೆಸುಗೆಯಲ್ಲಿ ತೂತು ಬೀಳುತ್ತದೆ, ಸುತ್ತಲಿನ ಪದರ ಬಿಟ್ಟುಕೊಳ್ಳುತ್ತದೆ. ಬೋಲ್ಟು ಅಥವಾ ರಿವೆಟ್ಟು ಹಾಕಿ. ಚೂಪಾಗಿ ಮಡಚಬೇಡಿ, ಅಗಲವಾಗಿ ಬಾಗಿಸಿ. ಕತ್ತರಿಸಿದ ಅಂಚಿಗೆ ಬಣ್ಣ ಬಳಿಯಿರಿ, ಇಲ್ಲದಿದ್ದರೆ ನೀರು ಒಳಹೊಕ್ಕು ತುಕ್ಕು ನಡುವಿನಿಂದಲೇ ಶುರುವಾಗುತ್ತದೆ. ಇನ್ನೊಂದು: 0.8 ಮಿಲಿಮೀಟರಿನ ಒಂದೇ ತಗಡಿನ ಬದಲು 0.4ರ ಎರಡು ಹಾಕಿದರೆ ತೂಕ ಹೆಚ್ಚುಕಡಿಮೆ ಅಷ್ಟೇ, ಆದರೆ ಅಂಟು ಮೆತ್ತಗಿದ್ದರೆ ಗಟ್ಟಿತನ ಕಾಲು ಭಾಗಕ್ಕೂ ಇಳಿಯಬಹುದು. ಭಾರ ಹೊರುವ ಕಡೆ ಇದನ್ನು ನೆಚ್ಚಬಾರದು.

ಯಾವ ಸದ್ದಿಗೆ ಈ ಮದ್ದು ಎಂದು ಮೊದಲು ಗುರುತಿಸಿಕೊಳ್ಳಬೇಕು. ಶಿಗ್ಗಾಂವಿ ದಾಟಿ ಹೆದ್ದಾರಿಗೆ ಬಿದ್ದ ಬಸ್ಸು ಒಂದು ವೇಗಕ್ಕೆ ಬಂದಾಗ ಮಾತ್ರ ಗುಂಯ್ ಎಂದು, ಇನ್ನಷ್ಟು ಓಡಿದ ಮೇಲೆ ಸುಮ್ಮನಾದರೆ, ಅದು ತಗಡು ಎಂಜಿನ್ನಿನ ತಾಳಕ್ಕೆ ಕುಣಿಯುವುದು. ಅಲ್ಲಿ ಈ ಪದರ ಗೆಲ್ಲುತ್ತದೆ. ಎಲ್ಲ ವೇಗದಲ್ಲೂ ಗಡಗಡ ಎಂದರೆ ಎಲ್ಲೋ ಬೋಲ್ಟು ಸಡಿಲಾಗಿದೆ, ಪಾನಾ ಹಿಡಿಯಿರಿ. ಖಾಲಿ ಟ್ರೇಲರಿನ ಸದ್ದು ಬಹುತೇಕ ಹಿಂಬಾಗಿಲಿನ ಚಿಲಕದ್ದು. ಹಳೆಯ ಟ್ಯೂಬಿನ ರಬ್ಬರು ಸಾಕು. ಮೋಟರು ನೆಲವನ್ನೇ ನಡುಗಿಸುತ್ತಿದ್ದರೆ ಅದರ ಕಾಲಿಗೆ ರಬ್ಬರ್ ಪ್ಯಾಡ್ ಬೇಕು.

ಬೇಸಿಗೆಯಲ್ಲಿ ಶಾಲೆಗೋ ಅಂಗನವಾಡಿಗೋ ತಗಡು ಹೊದಿಸಲು ಹೊರಟ ಶಾಲಾ ಉಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು, ಪಂಚಾಯಿತಿಯವರು ದಯವಿಟ್ಟು ಒಂದು ಕೆಲಸ ಮಾಡಿ. ಮಾರುವವರು ತೋರಿಸಿದ ಹಾಳೆಯನ್ನು ಒಂದು ಅಡಿ ತಗಡಿಗೆ ಅಂಟಿಸಿಕೊಂಡು ಮನೆಗೆ ತನ್ನಿ. ಒಂದು ಸಲ ಬೆಳಗಿನ ಜಾವದ ತಂಪು ನೆರಳಿನಲ್ಲಿ, ಒಂದು ಸಲ ನಡು ಮಧ್ಯಾಹ್ನದ ಬಿಸಿಲಿನಲ್ಲಿ ಅರ್ಧ ತಾಸು ಇಡಿ. ಪ್ರತಿ ಸಲವೂ ದಾರಕ್ಕೆ ತೂಗುಹಾಕಿ ಚಮಚದಿಂದ ಬಡಿಯಿರಿ. ನೆರಳಿನಲ್ಲಿಟ್ಟದ್ದು ಟಪ್ ಎಂದು, ಬಿಸಿಲಿನಲ್ಲಿಟ್ಟದ್ದು ಅಂಟು ಬಿಡದೆ ನಿಂತರೆ ಮಾತ್ರ ದುಡ್ಡು ಕೊಡಿ.