ಶರಬತ್ತಿನ ಫೋಟೋಗೆ ರಟ್ಟಿನ ಪೆಟ್ಟಿಗೆ ಸಾಕು

ಹೋಟೆಲ್ ಬಾಂಧವರೇ, ಸ್ವಿಗ್ಗಿ, ಜೊಮ್ಯಾಟೊದಲ್ಲಿ ಗಿರಾಕಿಗಳು ಮೊದಲು ನೋಡುವುದು ಫೋಟೋ. ಕೆಂಪು ಪುನರ್ಪುಳಿ ಶರಬತ್ತು ಅಲ್ಲಿ ಕಪ್ಪಾಗಿ ಕಂಡರೆ ಆರ್ಡರ್ ಬರುವುದು ಕಷ್ಟ. ತಪ್ಪು ಮೊಬೈಲಿನದಲ್ಲ, ಬೆಳಕಿನದು. ಮುಂದಿನಿಂದ ಬಿದ್ದ ಬೆಳಕು ಗಾಜಿನ ಮೇಲೆ ಹೊಳೆದು ಕಣ್ಣಿಗೆ ರಾಚುತ್ತದೆ. ಹಿಂದಿನಿಂದ ಬಂದ ಬೆಳಕು ಶರಬತ್ತನ್ನು ಹಾದು ಬಂದು ಅದರ ಬಣ್ಣ ತೋರಿಸುತ್ತದೆ.

ಖಾಲಿ ರಟ್ಟಿನ ಪೆಟ್ಟಿಗೆಯನ್ನು ಬಾಯಿ ನಮ್ಮ ಕಡೆ ಬರುವಂತೆ ಮಲಗಿಸಿ. ಹಿಂಬದಿ ಕತ್ತರಿಸಿ ಬಟರ್ ಪೇಪರ್ ಅಂಟಿಸಿ. ಅದರ ಹಿಂದೆ ಒಂದಡಿ ದೂರದಲ್ಲಿ 12 ವ್ಯಾಟಿನ ಬಿಳಿ ಎಲ್‌ಇಡಿ ಬಲ್ಬು ಹಚ್ಚಿ. ಹ್ಯಾಲೋಜನ್ ಬೇಡ, ಕಾಗದಕ್ಕೆ ಬೆಂಕಿ ಹತ್ತೀತು. ಗ್ಲಾಸನ್ನು ಪೆಟ್ಟಿಗೆಯೊಳಗೆ ಇಟ್ಟು, ಎರಡೂ ಪಕ್ಕಕ್ಕೆ ಕರಿ ರಟ್ಟು ನಿಲ್ಲಿಸಿದರೆ ಗಾಜಿನ ಅಂಚು ಸ್ಪಷ್ಟವಾಗಿ ಕಾಣುತ್ತದೆ. ಬಾಟಲಿಯ ಲೇಬಲ್ ಮಸುಕಾದರೆ ಮುಂದೆ ಓರೆಯಾಗಿ ಬಿಳಿ ಥರ್ಮಾಕೋಲ್ ಹಿಡಿಯಿರಿ. ಕೋಣೆಯ ಬೇರೆ ದೀಪಗಳನ್ನೂ ಫ್ಲ್ಯಾಶನ್ನೂ ಆರಿಸಿ.

ಮಜ್ಜಿಗೆ, ಲಸ್ಸಿಯಲ್ಲಿ ಬೆಳಕು ಹಾದು ಬರುವುದಿಲ್ಲ. ಅವಕ್ಕೆ ಪೆಟ್ಟಿಗೆಯ ಒಂದು ಪಕ್ಕದಲ್ಲಿ ಇಂಥದೇ ಕಿಟಕಿ ಮಾಡಿ, ಬಲ್ಬನ್ನು ಅಲ್ಲಿಗೆ ಸರಿಸಿ.

ಒಂದು ಮಾತು ನೆನಪಿರಲಿ. ದಿನವೂ ಕೊಡುವ ಶರಬತ್ತನ್ನೇ, ಕೊಡುವ ಅಳತೆಯಲ್ಲೇ ಫೋಟೋ ತೆಗೆಯಿರಿ. ಬಣ್ಣ ಬೆರೆಸಿ ತೆಗೆದ ಫೋಟೋ ನೋಡಿ ಒಮ್ಮೆ ತರಿಸಿಕೊಂಡವರು ಮತ್ತೆ ತರಿಸಲಾರರು. ಮಾಡಿ ನೋಡಿ, ನಿಮ್ಮ ಅನುಭವವನ್ನು ಸಂಘದ ಪತ್ರಿಕೆಗೂ ಬರೆದು ತಿಳಿಸಿ.