ಹಡಗನ್ನೂ ಬಂಧಿಸಬಹುದು!

ನಮ್ಮ ಮನೆಯಲ್ಲಿ ‘ವಕೀಲ್ ಸಾಬ್’ ಅಂದರೆ ಬಂಟ್ವಾಳ ಕೋರ್ಟಿನಲ್ಲಿ ಜಾಗದ ಕೇಸು ನಡೆಸುವವರು. ಹಡಗಿನ ಕೇಸಿಗೂ ವಕೀಲರಿದ್ದಾರೆಂದು ನನಗೆ ಗೊತ್ತಾದದ್ದು 2022ರಲ್ಲಿ ಉಳ್ಳಾಲದ ಬಳಿ ಮುಳುಗಿದ ‘ಪ್ರಿನ್ಸೆಸ್ ಮಿರಾಲ್’ ಬಗ್ಗೆ ಓದುವಾಗ.

2017ರ ಅಡ್ಮಿರಾಲ್ಟಿ ಕಾಯ್ದೆಯಂತೆ ನಮ್ಮ ಹೈಕೋರ್ಟು ಹಡಗನ್ನೇ ಬಂಧಿಸಬಹುದು. ಮಾಲೀಕ ಪರದೇಶದಲ್ಲಿರುತ್ತಾನೆ, ಕೈಗೆ ಸಿಗುವುದು ಹಡಗು ಮಾತ್ರ. ಅದು ಪಣಂಬೂರಿನಿಂದ ಹೊರಟುಹೋದರೆ ಸಂಬಳ ಸಿಗದ ನಾವಿಕ ಯಾರನ್ನು ಹಿಡಿಯಬೇಕು? ಹಾಗಾಗಿ ಜೂನಿಯರ್ ವಕೀಲರಿಗೆ ಗಡಿಬಿಡಿಯೇ ಕೆಲಸ. ನಾವಿಕರ ಒಪ್ಪಂದ ಓದಬೇಕು, ಬಾಕಿ ಸಂಬಳ ಲೆಕ್ಕ ಹಾಕಬೇಕು, ಅಫಿಡವಿಟ್ ಸಿದ್ಧಮಾಡಬೇಕು, ಆದೇಶ ಬಂದರಿಗೆ ಮುಟ್ಟುವಂತೆ ನೋಡಬೇಕು. ಹೈಕೋರ್ಟು ಬೆಂಗಳೂರಿನಲ್ಲಿ, ಹಡಗು ಇಲ್ಲಿ!

ಹಡಗು ಹರಾಜಾದರೆ ನಾವಿಕರ ಸಂಬಳಕ್ಕೆ ಬ್ಯಾಂಕಿನ ಅಡಮಾನ ಸಾಲಕ್ಕಿಂತ ಮೊದಲ ಸ್ಥಾನ. ಈ ನಿಯಮ ನನಗೆ ತುಂಬ ಹಿಡಿಸಿತು. ಪಿಯುಸಿ ನಂತರ ಐದು ವರ್ಷದ ಕಾನೂನು ಪದವಿಗೆ ಕಾಮರ್ಸ್‌ನವರೂ ಸೇರಬಹುದು.